ಪುಟದ ಮೂಲೆಯ ಹೆಬ್ಬೆರಳು

ಆ ಸಂಜೆ ವಾಟ್ಸಾಪ್‌ನಲ್ಲಿ ಬಂದ ಹನ್ನೊಂದು ಪುಟಗಳಲ್ಲಿ ಒಂದರಲ್ಲೂ ಅಂಜನ್‌ಕುಮಾರನ ಹೆಬ್ಬೆರಳು ಇರಲಿಲ್ಲ. ಪುಟದ ಮೂಲೆ ಒತ್ತಿ ಹಿಡಿದಿದ್ದ ಬೆರಳು ಬೇರೆ ಯಾರದೋ. ಶಶಿರೇಖಾ ಹನ್ನೊಂದನ್ನೂ ಮತ್ತೊಮ್ಮೆ ಹಿಗ್ಗಿಸಿ ನೋಡಿದಳು.

ಕೆಮಿಸ್ಟ್ರಿ ಪುಸ್ತಕದ ಬೆಲೆ ಸಾವಿರದ ಎಂಟುನೂರು. ಕೊಳ್ಳುವ ಮಾತೇ ಇರಲಿಲ್ಲ. ತುಮಕೂರಿನ ಲೈಬ್ರರಿಯಲ್ಲಿ ಅದನ್ನು ಪುಕ್ಕಟೆ ಓದಬಹುದಿತ್ತು, ಮನೆಗೆ ಮಾತ್ರ ಕೊಡುತ್ತಿರಲಿಲ್ಲ. ಸಂಜೆ ಗುಬ್ಬಿಯಲ್ಲಿ ಕಾಲೇಜು ಮುಗಿಸಿ ಅಲ್ಲಿಗೆ ಹೋದರೆ ನಿಟ್ಟೂರಿನ ಮನೆಗೆ ಮರಳುವ ರೈಲು ತಪ್ಪುತ್ತಿತ್ತು. ಎರಡು ತಿಂಗಳ ಹಿಂದೆ, ಒಂದು ಶನಿವಾರ, ಅವಳು ಆ ಪುಸ್ತಕದ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಡಿಪ್ಲೊಮಾಗೆ ಓದುತ್ತಿದ್ದ ಕುಣಿಗಲ್ ಹುಡುಗ ಅಂಜನ್‌ಕುಮಾರ, ತಾನು ದಿನಾ ಬರುತ್ತೇನೆ, ಬೇಕಾದ ಪುಟದ ಫೋಟೊ ಕಳಿಸುತ್ತೇನೆ ಎಂದಿದ್ದ. ಅಂದಿನಿಂದ ಪ್ರತಿ ಪುಟದ ಮೂಲೆಯಲ್ಲೂ ಅವನ ಎಡ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಗ್ರೀಸ್. ಅವಳು ಪಾಠಕ್ಕಿಂತ ಮೊದಲು ಅದನ್ನೇ ನೋಡಿ ಒಬ್ಬಳೇ ನಗುತ್ತಿದ್ದಳು.

ಬೆಳಗಿನ ಶಿಫ್ಟ್‌ನಲ್ಲಿ ಅವನು ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ನಡೆಸುತ್ತಿದ್ದುದು ತಗಡು ಕತ್ತರಿಸುವ ಪ್ರೆಸ್ ಮೆಷಿನ್. ತಗಡಿನ ಜೊತೆ ಬೆರಳೂ ಕತ್ತರಿಸಿಕೊಂಡವರ ಕಥೆ ಅವನೇ ಹೇಳಿದ್ದ. ಫೋನ್ ಮಾಡಿದಳು, ಎತ್ತಲಿಲ್ಲ. ಸ್ವಲ್ಪ ಬ್ಯುಸಿ ಎಂದು ಮೆಸೇಜ್ ಬಂತು. ಅವಳ ಹೆದರಿಕೆ ಇನ್ನೂ ಹೆಚ್ಚಿತು.

ಮರುದಿನ ಕ್ಲಾಸಿಗೆ ಚಕ್ಕರ್ ಹೊಡೆದು ತುಮಕೂರಿಗೆ ಬಂದಳು. ನೇರ ಲೈಬ್ರರಿಗೆ ನಡೆದಳು. ಅವನು ಎಂದಿನ ಮೇಜಿನ ಮುಂದೆಯೇ ಕೂತಿದ್ದ. ಅಲ್ಲಿ ಕಸ ಗುಡಿಸುವ ಹನುಮಕ್ಕ ಪುಟ ಒತ್ತಿ ಹಿಡಿದಿದ್ದಳು. ಶಶಿರೇಖಾಳನ್ನು ಕಂಡದ್ದೇ ಅವನು ಎಡಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಕೈ ತೋರ್ಸಿ."

"ಏನಿಲ್ಲ ರೇಖಾ."

"ತೋರ್ಸಿ ಅಂದೆ."

ಕೈ ತುಂಬ ಬ್ಯಾಂಡೇಜ್. ಬೆರಳು ಎಣಿಸುವ ಧೈರ್ಯ ಅವಳಿಗೆ ಬರಲಿಲ್ಲ. ಹನುಮಕ್ಕನೇ ಬಾಯಿ ಬಿಟ್ಟಳು. "ಬೆರಳೆಲ್ಲ ಅವೆ ಕಣವ್ವ, ಏಳು ಹೊಲಿಗೆ ಬಿದ್ದವೆ ಅಷ್ಟೆ. ಬ್ಯಾಡ ಅಂದ್ರೂ ಕೇಳ್ದೆ ಬಂದವ್ನೆ."

ಶಶಿರೇಖಾ ಕುರ್ಚಿ ಎಳೆದುಕೊಂಡು ಕೂತಳು. ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅವನು ತಲೆ ತಗ್ಗಿಸಿದ. ಸೋಮವಾರ ಅವಳ ಎಕ್ಸಾಮ್, ಹೇಳಿದ್ದರೆ ಪುಟ ಬೇಡ ಎನ್ನುತ್ತಿದ್ದಳಂತೆ.

"ಪುಟ ನಿಂತ್ರೆ ನೀವೂ ಮಾತು ನಿಲ್ಲಿಸ್ತೀರ ಅಂತ ಭಯ ಆಯ್ತು."

"ನಾನು ಪುಟಕ್ಕೆ ಕಾಯ್ತಿದ್ದೆ ಅಂದ್ಕೊಂಡ್ರಾ?" ಅವಳ ಕಣ್ಣು ತುಂಬಿತು. "ನಿಮ್ಮ ಬೆರಳು ಕಾಣ್ಲಿಲ್ಲ ಅಂತ ನೆನ್ನೆ ಜೀವಾನೇ ಹೋಗಿತ್ತು. ನಿಮ್ಮನ್ನ ತುಂಬ ಇಷ್ಟಪಡ್ತೀನಿ, ಅಂಜನ್."

ಹನುಮಕ್ಕ ಪೊರಕೆ ತೆಗೆದುಕೊಂಡು ಎದ್ದು ಹೋದಳು. ಅವಳು ಬಿಟ್ಟ ಮೂಲೆಯ ಮೇಲೆ ಶಶಿರೇಖಾ ತನ್ನ ಹೆಬ್ಬೆರಳಿಟ್ಟಳು. ಅವನು ಬಲಗೈಯಲ್ಲಿ ಫೋಟೊ ತೆಗೆದು ನೋಡಿದ. ಅವಳು ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುವಾಗ ಪುಟ ಅಲುಗಿ ಅಕ್ಷರವೆಲ್ಲ ಕಲಸಿಹೋಗಿತ್ತು.

"ಇದು ಓದೋಕಾಗಲ್ಲ. ಇನ್ನೊಂದು ತೆಗೀಲಾ?"

"ತೆಗೀರಿ. ಅದನ್ನ ಅಳಿಸಿ."

ಇನ್ನೊಂದು ತೆಗೆದ. ಮೊದಲಿನದನ್ನು ಅವನು ಅಳಿಸಲಿಲ್ಲ.