ಅಬ್ಬಾನ ಮಗ್ಗದ ತಾಳ

"ನೀ ನಿನ್ನ ಬಾಯಿಂದ 'ಹೂಂ' ಅನ್ನೂತನಕ ನಿನ್ನ ಮದವಿ ಖಣ ನಾ ನೇಯಂಗಿಲ್ಲ."

ಒಂಬತ್ತು ವರ್ಷಗಳ ಹಿಂದೆ, ಗುಳೇದಗುಡ್ಡದ ತನ್ನ ಮನೆಯಲ್ಲಿ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಬಾಬುಸಾಬ ಮಗಳಿಗೆ ಕೊಟ್ಟ ಮಾತದು.

ಆಗ ಆಫ್ರೀನಳಿಗೆ ಹದಿನೈದು. ಹಿಂದಿನ ದಿನವಷ್ಟೇ ಅಧಿಕಾರಿಗಳು ಬಂದು ಅವಳ ಮದುವೆ ನಿಲ್ಲಿಸಿ ಹೋಗಿದ್ದರು. ಅರ್ಧ ನೇಯ್ದಿದ್ದ ಮದುವೆಯ ಖಣವನ್ನು ಬಾಬುಸಾಬ ಮಗ್ಗದಿಂದ ಕತ್ತರಿಸಿ ತೆಗೆದಿದ್ದ. ಆ ಮನೆತನದಲ್ಲಿ ಮದುಮಗಳ ಕುಬಸಕ್ಕೆ ಅಂಗಡಿಯ ಬಟ್ಟೆ ಬರುತ್ತಿರಲಿಲ್ಲ. ತಂದೆಯೇ ನೇಯಬೇಕು. ತಂದೆ ನೇಯದಿದ್ದರೆ ಮದುವೆಯೂ ಇಲ್ಲ.

"ಖರೇನಾ ಅಬ್ಬಾ?"

"ಖರೆ. ಹೋಗು, ಪುಸ್ತಕಾ ತಗಿ."

ಅಷ್ಟೇ. ಮತ್ತೆ ಮಗ್ಗ ಶುರುವಾಯಿತು... ಟಕ್, ಟಕ್, ... ಟಕಾ. ಬಾಬುಸಾಬನ ಬಲಗಾಲು ಹುಟ್ಟಿನಿಂದ ಗಿಡ್ಡ. ತುಳಿಯುವ ಹಲಗೆಗೆ ಆ ಕಾಲು ಮುಟ್ಟುವುದು ಒಂದು ಗಳಿಗೆ ತಡ. ಹೀಗಾಗಿ ಅವನ ಮಗ್ಗದ ಸದ್ದಿನಲ್ಲಿ ಪ್ರತಿ ಸಲ ಒಂದು ಸಣ್ಣ ಖಾಲಿ ಜಾಗ. ಆ ಖಾಲಿ ಜಾಗದಲ್ಲೇ ಆಫ್ರೀನ ಮಲಗಿದ್ದಳು, ಎದ್ದಿದ್ದಳು, ಓದಿದ್ದಳು, ಕನಸು ಕಂಡಿದ್ದಳು.

* * *

ಈಗ ಅವಳು ಕುಳಗೇರಿ ಕ್ರಾಸ್ ಹತ್ತಿರದ ಒಂದು ಸಾಲಿಯಲ್ಲಿ ಅತಿಥಿ ಶಿಕ್ಷಕಿ. ಮಕ್ಕಳ ಬಾಯಲ್ಲಿ 'ಆಫ್ರೀನ ಟೀಚರ್'.

ಅಂದು ಸಂಜೆ ನಾಲ್ಕೂವರೆಯ ಬಸ್ಸು ಕ್ರಾಸಿನಲ್ಲಿ ನಿಂತುಬಿಟ್ಟಿತ್ತು. ಎದುರಿಗೆ ಜನ. ಜನರ ನಡುವೆ ಒಂದು ಟಂಟಂ ಗಾಡಿ, ಅದರ ಮೇಲೆ ದೊಡ್ಡ ಸ್ಪೀಕರ್. ನೆಲದಲ್ಲಿ ಒಬ್ಬ ತಲೆಯ ಮೇಲೆ ನಿಂತು ಗರಗರ ತಿರುಗುತ್ತಿದ್ದ!

ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸೋತ. ಆಫ್ರೀನ ಸೋಲಲಿಲ್ಲ. ಚುನ್ನಿ ಬಿಗಿ ಮಾಡಿಕೊಂಡು ಕೆಳಗಿಳಿದಳು.

"ಏನ್ರಿ ಇದು! ಬಸ್ಸು ನಿಂತಿದ್ದು ಕಾಣಸೂದಿಲ್ಲೇನ್ರಿ?"

"ಕಾಣಸ್ತೈತ್ರಿ... ಖರೆ ತಲಿಕೆಳಗ ಕಾಣಸ್ತೈತಿ."

"ಟೀಚರ್ ಬಂದ್ರಪೋ!" ಎಂದ ಯಾರೋ ಒಬ್ಬ. ಜನ ಘೊಳ್ಳೆಂದು ನಕ್ಕರು. ಅವಳ ಕಿವಿ ಕೆಂಪಾದವು. ಮುಖ ಇರಬೇಕಾದಲ್ಲಿ ಅವನ ಬೂಟು. ಬೂಟಿನ ಜೊತೆ ಜಗಳ ಆಡುವುದಾದರೂ ಹೇಗೆ?

"ಮೊದಲ ನೆಟ್ಟಗ ನಿಂದ್ರಿ, ಆಮ್ಯಾಲೆ ಮಾತಾಡ್ರಿ!"

ಅವನು ಒಂದೇ ಜಿಗಿತಕ್ಕೆ ನೆಟ್ಟಗೆ ನಿಂತ. ಹಣೆಯ ತುಂಬ ಕೆಂಪು ಮಣ್ಣು. ನಗುವ ಕಣ್ಣು. ಆಫ್ರೀನಳ ಎದೆ ಒಂದು ಬಡಿತ ತಪ್ಪಿತು, ಅಬ್ಬಾನ ಮಗ್ಗ ತಪ್ಪುವ ಹಾಗೆಯೇ.

'ಛೇ! ಬಿಸಲಿಗೆ ಹಿಂಗ ಆಗತೈತಿ...' ಎಂದು ತನಗೆ ತಾನೇ ಹೇಳಿಕೊಂಡಳು.

"ಎರಡ ಮಿನಿಟ್ ಟೀಚರ್. ಈ ಹಾಡು ಮುಗದಕೂಡ್ಲೇ ನಿಮ್ಮ ಬಸ್ಸಿಗೆ ನಾನ ದಾರಿ ಬಿಡಸ್ತೇನಿ."

ಮೈಕು ಹಿಡಿದು ಅವನು ಶುರು ಮಾಡಿದ.

"ಬಳಿ ಬ್ಯಾಡ, ಬರಿಯೂ ಪೆನ್ನು ಕೊಡು ಅಕಿ ಕೈಗೆ,
ಬಾಗಲಾ ತಗಿ, ಸಾಲಿ ದಾರಿ ಕಾಣಲಿ ಕಣ್ಣಿಗೆ!
ಒಂದು ಸೊನ್ನೆ ಒಂಬತ್ತು ಎಂಟು,
ಒಂದು ಫೋನ್ ಹಚ್ಚು, ಬಿಚ್ಚತೈತಿ ಗಂಟು!"

ಆಫ್ರೀನ ನಿಂತಲ್ಲೇ ನಿಂತಳು. ಒಂದು ಸೊನ್ನೆ ಒಂಬತ್ತು ಎಂಟು... ಮಕ್ಕಳ ಸಹಾಯವಾಣಿ. ತನ್ನನ್ನು ಉಳಿಸಿದ ಆ ನಾಲ್ಕು ಅಂಕಿಗಳು ಹೀಗೆ ನಡುರಸ್ತೆಯಲ್ಲಿ ಕುಣಿಯುತ್ತವೆ ಎಂದು ಅವಳು ಎಂದೂ ಎಣಿಸಿರಲಿಲ್ಲ. ಬಸ್ಸು ಹೊರಟು ಹೋಯಿತು. ಅವಳು ಹತ್ತಲೇ ಇಲ್ಲ!

* * *

ಅವನ ಹೆಸರು ಮುಕ್ತಾರ. ಊರು ಇಳಕಲ್ಲ. ಅಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಹೊಳಪು ಕೊಡುವ ಕೆಲಸ. ಬುಧವಾರ ರಜೆ. ಆ ಒಂದು ದಿನ ನಾಲ್ವರು ಗೆಳೆಯರ 'ಕೆಂಪುಗಲ್ಲು' ತಂಡ ಕಟ್ಟಿಕೊಂಡು ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ಹಾಡು, ಕುಣಿತ. ಹುಡುಗಿಯರ ಸಾಲಿ ಬಿಡಿಸಬೇಡಿ ಎನ್ನುವುದೊಂದೇ ಹಟ.

"ಯಾಕ್ರಿ ಇಷ್ಟ ಹಟ?" ಎಂದು ಒಮ್ಮೆ ಅವಳು ಕೇಳಿದ್ದಕ್ಕೆ ಅವನ ನಗು ಮಾಯವಾಗಿತ್ತು.

"ನಮ್ಮಕ್ಕ ಮುಬಶೀರಾ... ಲೆಕ್ಕದಾಗ ನೂರಕ್ಕ ನೂರು ತಗೋತಿದ್ಲು. ಹದಿನಾಲ್ಕಕ್ಕ ಮದವಿ ಆತು. ಅವಾಗ ನನಗ ಈ ನಂಬರ್ ಗೊತ್ತಿರಲಿಲ್ಲ ನೋಡ್ರಿ, ಟೀಚರ್."

ಆಫ್ರೀನಳೇ ಹೆಡ್‌ಮಾಸ್ತರರನ್ನು ಒಪ್ಪಿಸಿ ಅವನನ್ನು ಸಾಲಿಗೆ ಕರೆಸಿದಳು. ಬುಧವಾರ ಬಂತೆಂದರೆ ಎರಡು ಜಡೆಯ ಹುಡುಗಿಯರು ಚುನ್ನಿ ಸೊಂಟಕ್ಕೆ ಕಟ್ಟಿ ಅಂಗಳದಲ್ಲಿ ಸಾಲಾಗುತ್ತಿದ್ದರು. ನಾಚಿ ತಲೆ ಎತ್ತದವರು ಭುಜ ಕುಣಿಸಿದರು, ನೆಲ ಒದ್ದರು, ತಮ್ಮ ತಮ್ಮ ಸಾಲು ತಾವೇ ಕಟ್ಟಿ ಹಾಡಿದರು!

ಬುಧವಾರಗಳ ನಡುವಿನ ದಿನಗಳು ಆಫ್ರೀನಳಿಗೆ ಮಂಜಿನಂತೆ ಕಂಡವು... ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಸಾಕು, ಹೊರಗಿನ ಜೋಳದ ಹೊಲಗಳೆಲ್ಲ ಒಂದು ತಾಳಕ್ಕೆ ತೂಗುತ್ತಿದ್ದವು.

ಒಂದು ಬುಧವಾರ ಮಕ್ಕಳನ್ನು ಬಾದಾಮಿಗೆ ಕರೆದೊಯ್ದರು. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹುಡುಗಿಯರ ಕುಣಿತ. ಕೆಂಪು ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ತೂಗಾಡುತ್ತಿತ್ತು.

"ನೋಡ್ರಿ, ಬೆಟ್ಟಾನೂ ನನ್ನಂಗ ತಲಿ ಮ್ಯಾಲೆ ನಿಂತೈತಿ," ಎಂದ ಮುಕ್ತಾರ.

ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣು ತುಂಬಿದವು. ಯಾರಿಗೂ ಹೇಳದ ಮಾತು ಆ ನೀರಿನ ಅಂಚಿನಲ್ಲಿ ತಾನಾಗಿ ಹೊರಬಂತು.

"ನನ್ನ ಮದವಿ ನಿಲ್ಲಿಸಿದ್ದು ಯಾರೋ ಹೊರಗಿನವ್ರು ಅಂತ ಊರೆಲ್ಲಾ ತಿಳಕೊಂಡೈತಿ. ಖರೆ ಫೋನ್ ಮಾಡಿದಾಂವ ನಮ್ಮ ಅಬ್ಬಾನ! ಮದವಿ ಗೊತ್ತ ಮಾಡಿದ್ದು ದೊಡ್ಡಬ್ಬಾ. ಅಣ್ಣನ ಮಾರಿಗೆ ಎದುರಾಡೂ ಧೈರ್ಯ ಅಬ್ಬಾಗ ಇರಲಿಲ್ಲ. ಇದ ಕುಳಗೇರಿ ಕ್ರಾಸಿಗೆ ಬಂದು, ಗುರ್ತಿಲ್ಲದ ಅಂಗಡ್ಯಾಗಿಂದ ಫೋನ್ ಹಚ್ಚಿದ್ದ... ಇದು ಹೊರಗ ಬಿದ್ರ ಅಬ್ಬಾ ಅಣ್ಣನ ಮುಂದ ತಲಿ ಎತ್ತಂಗಿಲ್ಲ."

ಮುಕ್ತಾರ ಅವಳ ಕಡೆ ತಿರುಗಿದ.

"ಅಂಥಾ ಅಪ್ಪನ ಹೆಸರ ಹೇಳಾಕ ಮನಸ ಆಗತೈತಿ... ಹೇಳಂಗಿಲ್ಲ ಬಿಡ್ರಿ. ಯಾರ ಮುಂದೂ ಹೆಸರ ಹೇಳಂಗಿಲ್ಲ."

ಮುಂದಿನ ವಾರ ತಾಯಿಗೊಂದು ಖಣ ಕೊಳ್ಳುವ ನೆಪದಲ್ಲಿ ಅವನು ಗುಳೇದಗುಡ್ಡಕ್ಕೆ ಬಂದ. ಆಫ್ರೀನಳ ತಾಯಿ ಜೋಹರಾ ಚಹಾ ಕೊಟ್ಟಳು. ಅವನು ಚಹಾ ಮರೆತು ಮಗ್ಗದ ಮುಂದೆ ಕೂತ.

"ಚಾಚಾ, ಈ ನಡುವ ಒಂದ ಖಾಲಿ ಬರತೈತಲ್ಲ... ಕುಣಿಯಾವ ಕಾಯೂದ ಅದನ್ನ! ರೆಕಾರ್ಡ್ ಮಾಡ್ಕೊಳ್ಳಲೇನ್ರಿ?"

"ಮಾಡ್ಕೋಪಾ," ಎಂದು ಬಾಬುಸಾಬ ಹಿಗ್ಗಿದ. "ಇಷ್ಟ ದಿನಾ ಮಂದಿ ಇದಕ್ಕ ಕುಂಟು ಅಂದ್ರು. ನೀ ಒಬ್ಬಾಂವ ತಾಳ ಅಂದಿ!"

* * *

ಹದಿನೈದು ದಿನಕ್ಕೆ ಹೊಸ ಹಾಡು ಬಂತು. ಆಫ್ರೀನಳಿಗೆ ಅಚ್ಚರಿ ಕೊಡಬೇಕೆಂದು ಮುಕ್ತಾರ ಮೊದಲು ಕೇಳಿಸಿರಲಿಲ್ಲ.

ಒಂದು ಮಧ್ಯಾಹ್ನ ಬಾಬುಸಾಬನ ಓಣಿಯ ಯಾರದೋ ಮೊಬೈಲಿನಲ್ಲಿ ಅದು ಕೇಳಿತು. ಹುಡುಗಿಯ ಹೆಸರಿಲ್ಲ. ಊರ ಹೆಸರಿಲ್ಲ.

"ಕೈಯಾಗ ಲಾಳಿ, ಎದಿಯಾಗ ಗಾಳಿ,
ಮಗಳ ಮದವಿ ತಾನ ನಿಲ್ಲಿಸಿದ,
ಮಂದಿ ಕೇಳಿದ್ರ ತಲಿ ಬಗ್ಗಿಸಿದ..."

ಮಾತಿನ ಹಿಂದೆ ಟಕ್, ಟಕ್, ... ಟಕಾ.

ಓಣಿಯಲ್ಲಿ ಒಂದು ಮಗ್ಗ ನಿಂತಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ. ಆ ಓಣಿಯವರಿಗೆ ಮನುಷ್ಯರ ದನಿಗಿಂತ ಮಗ್ಗದ ದನಿಯ ಗುರುತೇ ಹೆಚ್ಚು. ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಜಗಳ, ಎಲ್ಲ ಅದರಿಂದಲೇ ತಿಳಿಯುತ್ತಿತ್ತು.

ಎದುರು ಕಟ್ಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದುಕಿ ಹುಚ್ಚವ್ವನ ಕೈ ನಿಂತಿತು.

"ಇದು ನಮ್ಮ ಬಾಬುನ ಮಗ್ಗ ಅಲ್ಲೇನ!... ಅಯ್ಯ ಶಿವನ, ಹಂಗಾರ ಫೋನ್ ಹಚ್ಚಿದಾಂವ ಇವನ?"

ಸಂಜೆಗೆ ದೊಡ್ಡಬ್ಬಾ ಬಂದ. ಒಳಗೂ ಬರಲಿಲ್ಲ. "ನನ್ನ ಬೆನ್ನಿಗೆ ಚೂರಿ ಹಾಕಿದಾಂವ ನೀನ ಏನ್ಲೇ?" ಎಂದು ಹೊಸ್ತಿಲಲ್ಲೇ ಕೇಳಿ ತಿರುಗಿ ಹೋದ. ಬಾಬುಸಾಬ ಕುಣಿಯಿಂದ ಎದ್ದ. ಮರುದಿನ ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ.

ಆಫ್ರೀನ ಮುಕ್ತಾರನಿಗೆ ಫೋನ್ ಮಾಡಿದಳು.

"ಹೆಸರ ಹೇಳಂಗಿಲ್ಲ ಅಂದಿದ್ರಿ!"

"ಹೇಳಿಲ್ಲಲ್ರಿ... ಅಲ್ಲಾನ ಆಣಿ, ಎಲ್ಲೂ ಹೇಳಿಲ್ಲ!"

"ನಮ್ಮ ಓಣ್ಯಾಗ ಮಗ್ಗಾನ ಹೆಸರ್ರಿ!"



"ನಾ ಕಲ್ಲಿನ ಊರಾಂವ, ಆಫ್ರೀನ... ನಮ್ಮಲ್ಲಿ ಎಲ್ಲಾ ಮಷೀನೂ ಒಂದ ನಮೂನಿ ಒದರತಾವ. ನನಗ ತಿಳೀಲಿಲ್ಲ."

"ಕೇಳಬೇಕಿತ್ತು. ಒಂದ ಮಾತು ನನ್ನ ಕೇಳಬೇಕಿತ್ತು!"

ಫೋನ್ ಕಟ್ಟಾಯಿತು. ಅವನ ನಂಬರನ್ನು ಅವಳು ಬ್ಲಾಕ್ ಮಾಡಿಬಿಟ್ಟಳು. ಅವನು ಮೊದಲ ಸಲ ಬರೀ 'ಆಫ್ರೀನ' ಎಂದಿದ್ದು ಅವಳಿಗೆ ನೆನಪಾದದ್ದು ಆಮೇಲೆ... ದಿಂಬು ಒದ್ದೆಯಾದ ಮೇಲೆ.

ಆ ಶನಿವಾರ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ದೊಡ್ಡ ವೇದಿಕೆ. ಕೆಂಪುಗಲ್ಲು ತಂಡವನ್ನು ಕರೆದದ್ದೇ ಈ ಹಾಡಿಗಾಗಿ. ಮುಕ್ತಾರ ಹಾಡನ್ನು ಎಲ್ಲ ಕಡೆಯಿಂದ ಅಳಿಸಿದ್ದ, ವೇದಿಕೆಗೂ ಹೋಗಲಿಲ್ಲ ಎಂದು ಸಾಲಿಯ ಹುಡುಗಿಯರು ಹೇಳಿದರು. ಆಫ್ರೀನ ಕೇಳಿಯೂ ಕೇಳದಂತೆ ಪಾಠ ಮಾಡಿದಳು.

ಮನೆಯಲ್ಲಿ ಮಗ್ಗವಿಲ್ಲದ ಮೌನ. ಆ ಮೌನದಲ್ಲಿ ಅವಳಿಗೆ ಕನಸೂ ಬೀಳಲಿಲ್ಲ.

* * *

ಎಂಟನೆಯ ದಿನ ಬೆಳಿಗ್ಗೆ ದೊಡ್ಡಬ್ಬಾನ ಹೆಂಡತಿ ಶಮಶಾದಬಿ ಬಂದಳು. ಕೈಯಲ್ಲಿ ಹದಿನೈದರ ಮೊಮ್ಮಗಳು ಖುಶನುಮಾಳ ಕೈ.

"ಬಾಬು... ಇಕೀಗೂ ಮದವಿ ಗೊತ್ತ ಮಾಡ್ಯಾರ. ಮುಂದಿನ ತಿಂಗಳ. ಹುಡಿಗಿ ನಾಕ ದಿನದಿಂದ ಉಂಡಿಲ್ಲ. ನೀ ಅವತ್ತ ಹಚ್ಚಿದ್ದ ನಂಬರ್ ಕೊಡು."

ಜೋಹರಾ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಬುಸಾಬ ಖುಶನುಮಾಳ ಮುಖ ನೋಡಿದ. ಅದರಲ್ಲಿ ಅವನಿಗೆ ಯಾವ ಮುಖ ಕಂಡಿತೋ!

"ನಂಬರ್ ಆಮ್ಯಾಲೆ ಭಾಬಿ. ಈ ಸಲ ಕದ್ದು ಮಾಡಂಗಿಲ್ಲ. ನಾನ ಬರ್ತೇನಿ."

ಗಿಡ್ಡ ಕಾಲು ಎಳೆಯುತ್ತ ಅವನು ಓಣಿಗಿಳಿದ. ಆಫ್ರೀನ ಹಿಂದೆ ಓಡಿದಳು. ಅಣ್ಣನ ಬಾಗಿಲಲ್ಲಿ ನಿಂತು ಬಾಬುಸಾಬ ಹೇಳಿದ್ದನ್ನು ಇಡೀ ಓಣಿ ಕೇಳಿತು.

"ಅಣ್ಣಾ, ಅವತ್ತ ಫೋನ್ ಮಾಡಿದಾಂವ ನಾನ. ಹೇಳಾಕ ಒಂಬತ್ತ ವರ್ಷ ಹೆದರಿದೆ. ಇವತ್ತ ನಿನ್ನ ಮುಂದನ ಹೇಳ್ತೇನಿ, ಈ ಹುಡಿಗಿ ಸಾಲಿ ಬಿಡಸಬ್ಯಾಡ. ಬಿಡಸಿದ್ರ ಮತ್ತ ಹಚ್ಚತೇನಿ, ನನ್ನ ಹೆಸರ ಹೇಳಿ ಹಚ್ಚತೇನಿ."

"ನನಗ ಬುದ್ಧಿ ಹೇಳಾಕ ಬಂದ್ಯಾ?" ಎಂದು ದೊಡ್ಡಬ್ಬಾ ಗುಡುಗಿದ.

ಕಟ್ಟೆಯಿಂದ ಹುಚ್ಚವ್ವ ಕೂಗಿದಳು: "ಒಂದು ಸೊನ್ನೆ ಒಂಬತ್ತು ಎಂಟು! ನನಗೂ ಬಾಯಿಪಾಠ ಆಗೇತೋ ಅಣ್ಣಾ, ಅವನ ಕಡೆ ಆಗಲಿಲ್ಲಂದ್ರ ನಾ ಹಚ್ಚಲೇನ?"

ಯಾರೋ ನಕ್ಕರು. ಯಾರೂ ದೊಡ್ಡಬ್ಬಾನ ಪರ ನಿಲ್ಲಲಿಲ್ಲ. ಶಮಶಾದಬಿ ಮೊಮ್ಮಗಳ ಕೈ ಬಿಡದೆ ಗಂಡನನ್ನೇ ನೋಡುತ್ತ ನಿಂತಳು. ಅವನು ತಲೆ ತಗ್ಗಿಸಿದ.

"ಹತ್ತನೇತ್ತ ಮುಗೀಲಿ... ಆಮ್ಯಾಲೆ ನೋಡೂಣು."

"ಅಷ್ಟ ಸಾಲದು, ಹದಿನೆಂಟ ತುಂಬಲಿ," ಎಂದ ಬಾಬುಸಾಬ.

"...ಆತೇಳು."

ಮನೆಗೆ ಬಂದು ಬಾಬುಸಾಬ ಕುಣಿಗೆ ಇಳಿದ. ಟಕ್, ಟಕ್, ... ಟಕಾ. ಬಾಗಿಲಿಗೆ ಒರಗಿ ಆಫ್ರೀನ ಬಿಕ್ಕಿ ಬಿಕ್ಕಿ ಅತ್ತಳು.

"ಅಳೂದ ಸಾಕು ಬೇಟಾ. ಆ ಕಲ್ಲಿನ ಹುಡುಗನ್ನ ಕರಿ."

* * *

ಮುಕ್ತಾರ ಬಂದ. ಕೆಲಸದ ಬಟ್ಟೆಯಲ್ಲೇ, ಹುಬ್ಬಿನ ಮೇಲೆ ಕಲ್ಲಿನ ಪುಡಿ ಹೊತ್ತುಕೊಂಡು. ಕುಣಿಯ ಮುಂದೆ ಮಂಡಿಯೂರಿದ.

"ತಪ್ಪಾತ್ರಿ ಚಾಚಾ."

"ನೀ ಹಾಡಿದ್ದು ಸುಳ್ಳೇನ?"

"ಅಲ್ರಿ."

"ಮತ್ತ್ಯಾಕ ಅಳಿಸಿದಿ?"

"ನಂದಲ್ಲದ ಮಾತು ನಿಮ್ಮನ್ನ ಕೇಳದ ಹಾಡಿದೆ. ಅದಕ್ಕ."

ಬಾಬುಸಾಬ ಲಾಳಿ ಕೈಗೆತ್ತಿಕೊಂಡ. "ತಿರಗಿ ಹಾಡು. ಈ ಸಲ ಹೆಸರ ಹಾಕು. ಗುಳೇದಗುಡ್ಡದ ಬಾಬುಸಾಬ ಅಂತ. ಇನ್ನೊಬ್ಬ ಅಪ್ಪಗ ಧೈರ್ಯ ಬರಲಿ."

ಮುಕ್ತಾರ ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದ. ಬೇವಿನ ನೆರಳಲ್ಲಿ ಆಫ್ರೀನ ನಿಂತಿದ್ದಳು. ಸಂಜೆಯ ಬಿಸಿಲು ಅವಳ ಚುನ್ನಿಯ ಅಂಚಿನಲ್ಲಿ ತೂಗುತ್ತಿತ್ತು.

"ಒಳ್ಳೇದಾತು ಅಂತ ತಪ್ಪು ಒಪ್ಪಾಗೂದಿಲ್ರಿ," ಎಂದಳು, ಮುಖ ತಿರುಗಿಸಿ.

"ಗೊತ್ತೈತಿ. ಅದಕ್ಕ ಈ ಸಲ ಮೊದಲ ಕೇಳ್ತೇನಿ. ಎಲ್ಲಾನೂ ಮೊದಲ ನಿಮ್ಮನ್ನ ಕೇಳ್ತೇನಿ, ಆಫ್ರೀನ. ಜೀವ ಇರೂತನಕ."

"ಹಂಗಾರ ಕೇಳ್ರಿ."

"ನನ್ನ ಕೂಡ ಇರ್ತೀರೇನು?"

ಒಳಗೆ ಮಗ್ಗ ನಡೆಯುತ್ತಿತ್ತು. ಟಕ್, ಟಕ್, ... ಆ ಖಾಲಿ ಜಾಗ ಬಂತು. ಹುಟ್ಟಿದಾಗಿನಿಂದ ತಾನು ವಾಸವಾಗಿದ್ದ ಅದೇ ಜಾಗ! ಅಷ್ಟರಲ್ಲೇ ಅವಳು ಹೇಳಿಬಿಟ್ಟಳು.

"ಹೂಂ."

"ಏನ್ರಿ? ಮಗ್ಗದ ಸಪ್ಪಳದಾಗ..."

"ತಲಿ ಮ್ಯಾಲೆ ನಿಂದ್ರಿ, ಅವಾಗ ಕೇಳಸ್ತೈತಿ!"

ಅವನು ಅಂಗಳದಲ್ಲಿ ನಿಜವಾಗಿಯೂ ತಲೆಯ ಮೇಲೆ ನಿಂತ. ಕಟ್ಟೆಯ ಮೇಲೆ ಹುಚ್ಚವ್ವ ಗಲ್ಲ ಹಿಡಿದುಕೊಂಡು, "ಯವ್ವಾ, ಅಳಿಯಾ ಹಿಂಗ ನಿಂತ್ರ ಚಹಾ ಎಲ್ಲಿಂದ ಕುಡಸೂದಬೇ!" ಎಂದಳು.

"ಈಗ ಕೇಳಿಸ್ತೇನ್ರಿ?" ಆಫ್ರೀನ ಅವನ ಮುಖದ ಹತ್ತಿರ ಬಗ್ಗಿ ಕೇಳಿದಳು.

"ಇನ್ನೊಮ್ಮೆ ಅನ್ರಿ..."

"ಹೂಂ. ಹೂಂ. ಹೂಂ!"

ಮಗ್ಗ ನಿಂತಿತು. ಕುಣಿಯಲ್ಲಿದ್ದ ಬಾಬುಸಾಬ ಅದನ್ನು ಕೇಳಿಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಅವನು ಮಗಳ ಮದುವೆಯ ಖಣ ನೇಯಲು ಕೂತ. ಒಂಬತ್ತು ವರ್ಷ ಅದನ್ನು ನೇಯ್ದಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದ.