ದೊರೆಯ ಹೊಟ್ಟೆಯೊಳಗಿನ ಊರು

ತುಂಬ ಹಿಂದಿನ ಮಾತು. ಕೆನೆಗಿರಿ ಎಂಬ ರಾಜ್ಯದಲ್ಲಿ ಮಕರಂದರಾಯನೆಂಬ ಹತ್ತೊಂಬತ್ತು ವರ್ಷದ ದೊರೆಯಿದ್ದ. ಆ ಸೀಮೆಯಲ್ಲಿ ಪ್ರತಿಯೊಬ್ಬರ ಹೊಟ್ಟೆಯೊಳಗೂ ಒಂದೊಂದು ಊರಿತ್ತು. ಸಾಸಿವೆಗಿಂತ ಸಣ್ಣ ಜನ ಅಲ್ಲಿ ವಾಸವಾಗಿದ್ದರು. ಉಂಡದ್ದನ್ನು ಹದಮಾಡಿ ಮೈಗೆಲ್ಲ ಹಂಚುವುದು ಅವರ ಕೆಲಸ. ರೋಗ ಬಂದರೆ ಬಾಗಿಲಲ್ಲೇ ತಡೆಯುವುದೂ ಅವರದೇ ಕೆಲಸ. ಅವರು ಹಾಡಿಕೊಂಡಿದ್ದರೆ ಮನುಷ್ಯನಿಗೆ ಒಳ್ಳೆಯ ನಿದ್ದೆ, ಒಳ್ಳೆಯ ನಗು.

ಆ ಅರಮನೆಯಲ್ಲೊಂದು ಪದ್ಧತಿ. ದೊರೆ ಊಟಕ್ಕೆ ಕೂತಾಗಲೇ ರಾಜ್ಯದ ಸುದ್ದಿಯನ್ನೆಲ್ಲ ಹೇಳಬೇಕು. ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದ ಮಾಂತ್ರಿಕ ಧೂಮ್ರಜಂಘ ಇದನ್ನು ತಿಳಿದು, ಕೇಳಿದವರು ಹೆದರಿದಷ್ಟೂ ಬಲಿಯುವ ಮಂತ್ರದ ಸರ ಕೊರಳಿಗೆ ಹಾಕಿಕೊಂಡು, ಕಾಗೆಯಾಗಿ ಬಂದು ಕಿಟಕಿಯಲ್ಲಿ ಕೂತ. ದೊರೆ ತುತ್ತೆತ್ತಿದ ಕೂಡಲೇ, "ಪಡುವಣ ಕೋಟೆ ಬಿರುಕು ಬಿಟ್ಟಿತು! ಶತ್ರು ಬಂದ!" ಎಂದು ಕೂಗಿದ.

ದೊರೆ ಅನ್ನದ ಜೊತೆ ಹೆದರಿಕೆಯನ್ನೂ ನುಂಗಿದ. ಹೊಟ್ಟೆಯ ಊರಿನಲ್ಲಿ ಬಿಸಿಗಾಳಿ ಎದ್ದಿತು. ಸಣ್ಣ ಜನ ಗಂಟುಮೂಟೆ ಕಟ್ಟಿ ಓಡಿದರು. ಊರು ಬರಿದಾದಷ್ಟೂ ದೊರೆಗೆ ಹೆದರಿಕೆ ಹೆಚ್ಚಿತು. ಹೆದರಿಕೆ ಹೆಚ್ಚಿದಷ್ಟೂ ಊರು ಬರಿದಾಯಿತು. ಹೊಟ್ಟೆನೋವು, ಜ್ವರ, ನಿದ್ದೆಗೇಡು. ವೈದ್ಯರು ಕೈಚೆಲ್ಲಿದರು. ಅಮಾವಾಸ್ಯೆಗೆ ಇನ್ನು ಮೂರೇ ದಿನ, ಅಷ್ಟರೊಳಗೆ ದೊರೆ ಏಳದಿದ್ದರೆ ಮಂತ್ರ ಫಲಿಸಿ ಸಿಂಹಾಸನ ಧೂಮ್ರಜಂಘನದಾಗುತ್ತಿತ್ತು.

ಅಡುಗೆಮನೆಯಲ್ಲಿ ಕೆಂಚವ್ವ ಎಂಬ ಹೊಸ ಸೊಸೆಯೊಬ್ಬಳು ಕೆಲಸಕ್ಕಿದ್ದಳು. ಏಳು ಬೆಟ್ಟ ದಾಟಿ ಮದುವೆಯಾಗಿ ಬಂದವಳು. ತವರಿನಿಂದ ಅವಳು ತಂದಿದ್ದು ಒಂದು ಪುಟ್ಟ ಗಡಿಗೆ ಹೆಪ್ಪು. ಅದರಲ್ಲೂ ಸಣ್ಣ ಜನರಿದ್ದರು. ತವರು ನೆನಪಾದಾಗಲೆಲ್ಲ ಕೆಂಚವ್ವ ಗಡಿಗೆಗೆ ಕಿವಿಯಿಟ್ಟು ಅವರ ಹಾಡು ಕೇಳುತ್ತಿದ್ದಳು.

"ಅಮ್ಮಾವ್ರೇ, ನನ್ನ ಹೆಪ್ಪಿನ ಮೊಸರು ಕೊಟ್ಟು ನೋಡಲಾ?" ಎಂದು ರಾಜಮಾತೆ ಮಾಳಲದೇವಿಯನ್ನು ಕೇಳಿದಳು.

"ವೈದ್ಯರಿಂದಾಗದ್ದು ನಿನ್ನ ಮೊಸರಿನಿಂದ ಆದೀತೇನೇ? ಆಗಲಿ, ಕೊಡು ತಾಯಿ."

ಮೊದಲನೆಯ ದಿನ ಮೊಸರನ್ನ ಕೊಟ್ಟಳು. ಸಣ್ಣ ಜನ ಇಳಿದು ಹಾಡತೊಡಗಿದರು. ಕಾಗೆ ಕೂಗಿತು. ಬಿಸಿಗಾಳಿ ಎದ್ದಿತು. ಎಲ್ಲರೂ ಓಡಿದರು.

ಎರಡನೆಯ ದಿನ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕೊಟ್ಟಳು. ಸಣ್ಣ ಜನ ಇಳಿದು ಒಲೆ ಹೂಡಿದರು. ಕಾಗೆ ಕೂಗಿತು. ಬಿಸಿಗಾಳಿ ಎದ್ದಿತು. ಎಲ್ಲರೂ ಓಡಿದರು. ಹೋಗುವಾಗ ಕಾಗೆ ಕೆಂಚವ್ವನ ಗಡಿಗೆಯನ್ನೂ ಉರುಳಿಸಿ ಹೋಯಿತು.

ಕೆಂಚವ್ವ ಅತ್ತಳು. ಆಮೇಲೆ ಗಡಿಗೆಯ ತಳ ಕೆರೆದಳು. ಒಂದು ಚಮಚ ಸಿಕ್ಕಿತು. ಹಾಲನ್ನು ಉಗುರುಬೆಚ್ಚಗೆ ಮಾಡಿ, ಹೆಪ್ಪು ಹಾಕಿ, ಮೂಲೆಯಲ್ಲಿಟ್ಟಳು. ಮಾಳಲದೇವಿ ತಾಳಲಾರದೆ ಬಂದು, "ಆಯಿತೇನೇ?" ಎಂದು ಗಡಿಗೆಗೆ ಕೈಹಾಕಿದಳು.

"ಅಯ್ಯೋ, ಅಲ್ಲಾಡಿಸಬೇಡಿ! ಹೆಪ್ಪು ಹಾಕಿದ ಗಡಿಗೆ ಕುಲುಕಿದರೆ ಮೊಸರು ಕೂಡುತ್ತದಾ?" ಎಂದ ಕೆಂಚವ್ವ ಗಕ್ಕನೆ ನಿಂತಳು. "ದೊರೆಗಳ ಹೊಟ್ಟೆಗೆ ಹೆಪ್ಪು ಹಾಕಿ ಹಾಕಿ, ಊಟದ ಹೊತ್ತಿಗೇ ಸುದ್ದಿ ಕೇಳಿಸಿ ನಾವೇ ದಿನಾ ಕುಲುಕುತ್ತಿದ್ದೇವಲ್ಲ!"

ಮೂರನೆಯ ದಿನ ಅವಳು ತಟ್ಟೆಯಿಟ್ಟು ಕೈಮುಗಿದಳು. "ಬುದ್ಧಿ, ಇದು ಕೊನೆಯ ಹೆಪ್ಪಿನದು. ಉಂಡು ಮುಗಿಯುವ ತನಕ ಯಾವ ಸುದ್ದಿಗೂ ಕಿವಿಗೊಡಬೇಡಿ."

"ನಿಜವಾಗಿಯೂ ಕೋಟೆ ಬಿದ್ದಿದ್ದರೆ?" ದೊರೆ ಕಿಟಕಿಯ ಕಡೆ ನೋಡಿದ.

"ಬಿದ್ದಿದ್ದರೆ ಉಂಡೆದ್ದು ಕಟ್ಟಿಸಿ. ಖಾಲಿ ಹೊಟ್ಟೆಯಲ್ಲಿ ಕಲ್ಲು ಎತ್ತಲಾಗುತ್ತದಾ?"

ಎಷ್ಟೋ ದಿನಗಳ ಮೇಲೆ ದೊರೆ ನಕ್ಕ. ತಾಯಿ ಪಕ್ಕದಲ್ಲಿ ಕೂತು ಕಲಸಿ ಕೈತುತ್ತು ಕೊಟ್ಟಳು. "ನೀನು ಮೂರು ವರ್ಷದವನಿದ್ದಾಗ ಒಂದೊಂದು ತುತ್ತಿಗೂ ಒಂದೊಂದು ಆನೆ ಕೇಳುತ್ತಿದ್ದೆಯಲ್ಲೋ!"

"ಕೊಟ್ಟಿದ್ದೆಯಾ, ಅಮ್ಮ?"

"ಎಲ್ಲಿಂದ ತರಲಿ? ನಾನೇ ಆನೆಯಾಗುತ್ತಿದ್ದೆ."

"ಕೋಟೆ ಬಿತ್ತು!" ಎಂದು ಕಾಗೆ ಕೂಗಿತು. ದೊರೆ ಅಗಿಯುತ್ತಿದ್ದ. ಕಾಗೆಯ ಕೊರಳಿನ ಮಂತ್ರದ ಸರದ ಮಣಿ ಬಿರುಕು ಬಿಟ್ಟಿತು. "ಶತ್ರು ಬಂದ!" ದೊರೆ ಇನ್ನೊಂದು ತುತ್ತು ಕೇಳಿದ. ಸರ ಹರಿಯಿತು. "ನೀನು ಸತ್ತೆ!" ಎಂದು ಮೂರನೆಯ ಸಲ ಕೂಗಿದಾಗ ಮಾಯೆಯೆಲ್ಲ ಕಳಚಿ, ಧೂಮ್ರಜಂಘ ಬರೀ ಕಾಗೆಯಾಗಿ ಉಳಿದ. ಅವನಿಗೂ ಹಸಿವಾಗಿತ್ತು.

ಸಣ್ಣ ಜನ ಒಬ್ಬೊಬ್ಬರಾಗಿ ಹಿಂತಿರುಗಿ ದೀಪ ಹಚ್ಚಿದರು. ದೊರೆ ಅಲ್ಲೇ ತಾಯಿಯ ತೊಡೆಯ ಮೇಲೆ ನಿದ್ದೆಹೋದ. ಎದ್ದವನೇ ಪಡುವಣ ಕೋಟೆಗೆ ಹೋಗಿ ನೋಡಿದ. ಬಿರುಕಿದ್ದದ್ದು ನಿಜ, ಬೆರಳುದ್ದ. ಮೆತ್ತಿಸಿದ.

ಅಂದಿನಿಂದ ಕೆನೆಗಿರಿಯಲ್ಲಿ ಊಟ ಮುಗಿಯುವ ತನಕ ಸುದ್ದಿ ಹೊಸಿಲಾಚೆ ಕಾಯುತ್ತದೆ. ಕೆಂಚವ್ವನ ಹೆಪ್ಪು ಮನೆಯಿಂದ ಮನೆಗೆ ಹೋಗಿ, ಅವಳ ತವರಿನ ಹಾಡು ಊರೆಲ್ಲ ಕೇಳತೊಡಗಿತು. ಎಲ್ಲರೂ ಉಂಡು, ನಕ್ಕು, ನಿದ್ದೆಮಾಡಿ ನೂರು ವರ್ಷ ಬಾಳಿದರು. ಕಿಟಕಿಯ ಕಾಗೆಗೂ ದಿನಾ ಒಂದು ತುತ್ತು ಮೊಸರನ್ನ ಸಿಗುತ್ತಿತ್ತು.