ಬಂಗಾರವೋ, ಭಂಗಾರವೋ?

"ನಮ್ಮ ಅಪ್ಪನ ಗಾಡಿ ಭಂಗಾರ ಅಂದ್ರಂತ! ಬಾಯಾಗ ನಾಲಿಗಿ ಐತೋ, ಸ್ಪ್ಯಾನರ್ ಐತೋ?"

ಸಾರಿಕಾ ಗಡಹಿಂಗ್ಲಜದ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದಳು. ನಡುದಾರಿಯಲ್ಲಿ ಬಂದ್ ಬಿದ್ದದ್ದನ್ನು ಎರಡು ಮೈಲಿ ದೂಡಿಕೊಂಡು ಬಂದಿದ್ದಳು!

ಮೆಕ್ಯಾನಿಕ್ ಅವಧೂತ ಕಣ್ಣು ಪಿಳಿಪಿಳಿ ಬಿಟ್ಟ. "ಯಾರ್ರಿ ಅಂದದ್ದು?"

"ನೀವ! ನಿನ್ನಿ ಫೋನಿನಾಗ, ನಮ್ಮ ಸತ್ಯಪ್ಪ ಕಾಕಾಗ! ಅದನ್ನ ಕೇಳಿ ಅವ ಮಾರಾಕ ನಿಂತಾನ! ಇವತ್ತ ಸಂಜಿಗೆ ಭಂಗಾರವಾಲಾ ಬಂದು ಗುಜರಿಗೆ ಒಯ್ತಾನ!"

ಅಪ್ಪ ಹೋಗಿ ಎರಡು ವರ್ಷ. ಅವನ ಗುರುತು ಅಂತ ಉಳಿದದ್ದು ಈ ಗಾಡಿಯೊಂದೇ. ಎರಡು ಸಲ ಕಾರ್ಬೋರೇಟರ್ ತೊಳೆದುಕೊಟ್ಟ ಈ ಮನುಷ್ಯನನ್ನು ಅವಳು ನಂಬಿದ್ದಳು... ನಂಬಿದ್ದಷ್ಟೇ ಅಲ್ಲ, ಇಷ್ಟಪಟ್ಟಿದ್ದಳು! ಅದಕ್ಕೇ ಈ ಪರಿ ಸಿಟ್ಟು.

ಅವಧೂತ ಕಾರ್ಬೋರೇಟರಿನ ಪೈಪು ಕಿತ್ತ. ಪೆಟ್ರೋಲ್ ನಾಲ್ಕು ಹನಿ ಉದುರಿ ನಿಂತಿತು. ಟಾಕಿಯ ಮುಚ್ಚಳ ತೆಗೆದ. ಸುಸ್ಸ್...! ಪೆಟ್ರೋಲ್ ದಳದಳ ಇಳಿಯಿತು.

ಮುಚ್ಚಳ ತಿರುವಿ ನೋಡಿದವನ ಮುಖ ಕೆಂಪಾಯಿತು. "ಏನ್ರಿ ಇದು, ಹಳದಿ?"

"ಬಿರೋಬಾ ದೇವರ ಭಂಡಾರ. ರವಿವಾರಕ್ಕೊಮ್ಮೆ ಎಣ್ಯಾಗ ಕಲಸಿ ಹಚ್ಚತೇನಿ."

"ಆ ಅರಿಷಿಣ ಹೋಗಿ ಗಾಳಿ ತೂತ ಮುಚ್ಚೇತಿ! ಗಾಳಿ ಒಳಗ ಹೋಗದ ಪೆಟ್ರೋಲ್ ಹೆಂಗ ಇಳೀಬೇಕು? ನಾ ಹುಚ್ಚನಂಗ ಕಾರ್ಬೋರೇಟರ್ ತಿಕ್ಕಾಕತ್ತಿದ್ದೆ!"

ಪಿನ್ನಿನಿಂದ ತೂತು ಬಿಡಿಸಿ, ಪೈಪು ಜೋಡಿಸಿ ಒಂದೇ ಕಿಕ್ ಹೊಡೆದ. ಗಾಡಿ ಚಾಲೂ ಆಯಿತು!

ಸಾರಿಕಾಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ. "ಮತ್ತ ಭಂಗಾರ ಅಂದದ್ದು?"

"ಬಂಗಾರ ಅಂದೇನ್ರಿ, ಬಂಗಾರ! ಗಾಡಿ ಹೆಂಗೈತಿ ಅಂತ ಕೇಳಿದ್ರು. ಬಂಗಾರ ಐತ್ರಿ ಅಂದೆ. ಅಷ್ಟ!"

ಅಯ್ಯೋ ದೇವರೇ...! ಸಾರಿಕಾ ಹಣೆ ಚಚ್ಚಿಕೊಂಡಳು. ಕಾಕಾ ಇಪ್ಪತ್ತು ವರ್ಷ ಇಚಲಕರಂಜಿಯ ಮಗ್ಗದ ಸದ್ದಿನಲ್ಲಿ, ಮರಾಠಿಯಲ್ಲೇ ದುಡಿದವನು. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ. ಅವನ ಕಿವಿಯಲ್ಲಿ ಚಿನ್ನ ಹೋಗಿ ಗುಜರಿಯಾಗಿತ್ತು!

ಈಗ ಸಿಟ್ಟಾಗುವ ಸರದಿ ಅವಧೂತನದು. "ನೀವರ ಒಂದ ಮಾತ ಕೇಳಬೇಕಿತ್ತಿಲ್ರಿ? ನಿಮ್ಮ ಅಪ್ಪನ ಗಾಡೀನ ನಾ ಹಂಗ ಅಂತೇನೇನು? ನೀವು ಯಾವಾಗ ಬರತೀರಿ ಅಂತ ದಿನಾ ದಾರಿ ನೋಡಾವ ನಾ!"

ಬಾಯಿ ತಪ್ಪಿ ಬಂದುಬಿಟ್ಟಿತ್ತು! ಅವಧೂತ ಬಗ್ಗಿ ಟಾಕಿಯ ಮುಚ್ಚಳ ಒರೆಸತೊಡಗಿದ.

"ತಪ್ಪಾತ್ರಿ..." ಅಂದಳು ಸಾರಿಕಾ, ತಲೆ ಎತ್ತದೆ.

"ಸಂಜಿಗೆ ನಾನ ಬಂದು ನಿಮ್ಮ ಕಾಕಾಗ ಮರಾಠಿಯಾಗ ಹೇಳ್ತೇನಿ, 'ಸೋನಂ ಆಹೆ' ಅಂತ. ಆಗರ ಬಂಗಾರ ಅಂತ ತಿಳೀತೈತಿ."

"ಯಾವುದು... ಗಾಡಿ?"

"ಗಾಡಿನೂ."

ಸಾರಿಕಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾರ ಲಗೂನ ಬರ್ರಿ... ಭಂಗಾರವಾಲಾ ಬರೂಕಿಂತ ಮೊದಲ!"